ಮೊದಲ ಗುಟುಕು

ಮಿಬುಯುನಿ, ಕಿಲಿಫಿ ಸೀಮೆ
ಮಾರ್ಚ್ ೨೨, ಶುಕ್ರವಾರ

ಒಡಹುಟ್ಟಿದ ತಮ್ಮ ಕಿತ್ಸಾವೊಗೆ, ಅಕ್ಕ ಜುಮ್ವಾ ಕರ್ತನ ಹೆಸರಿನಲ್ಲಿ ಬರೆಯುವುದು.

ಇವತ್ತು ತಪಸ್ಸುಕಾಲದ ಶುಕ್ರವಾರ, ಉಪವಾಸ. ಬೆಳಿಗ್ಗೆ ಕೊಳದಿಂದ ನೀರು ತಂದೆ, ಅಂಗಳ ಗುಡಿಸಿದೆ, ಆಡುಗಳನ್ನು ಬಿಚ್ಚಿ ಮೇವಿರುವ ಕಡೆ ಕಟ್ಟಿದೆ, ಅಪ್ಪನಿಗೆ ಗಂಜಿ ಕಾಯಿಸಿ ಕೊಟ್ಟೆ. ನನಗೆ ಸಂಜೆಯವರೆಗೆ ಬರೀ ನೀರು. ಹಸಿವಿಲ್ಲ, ಸುಸ್ತು ಮಾತ್ರ ಇದೆ. ಗೇರುಮರದ ನೆರಳಲ್ಲಿ ಕೂತು ಬರೆಯುತ್ತಿದ್ದೇನೆ. ನೀನು ಹೇಗಿದ್ದೀಯಪ್ಪ? ಉಪ್ಪಿನಾಗರದಲ್ಲಿ ದಿನವೆಲ್ಲ ನಿಂತು ನಿಂತು ಪಾದ ಒಡೆದಿತ್ತಲ್ಲ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೀಯಾ? ನಿನ್ನ ಹೆಂಡತಿ ಲುವುನೊ ಈಗ ಸ್ವಲ್ಪವಾದರೂ ಉಣ್ಣುತ್ತಾಳಾ? ಮಗು ಕಬೀಬಿ ಹೋದ ಮೇಲೆ ಅವಳು ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದದ್ದು ನನ್ನ ಕಣ್ಣಿಂದ ಹೋಗಿಲ್ಲ. ಪ್ರತಿ ಪೂಜೆಯಲ್ಲೂ ಆ ಕೂಸಿನ ಹೆಸರು ಹೇಳುತ್ತೇನೆ. ಫೋನಿನಲ್ಲಿ ನನ್ನ ದನಿ ಕೇಳಿದರೆ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಕಾಗದವನ್ನು ಮಡಚಿಟ್ಟರೂ ಮತ್ತೆ ಬಿಚ್ಚಬಹುದು.

ಅಪ್ಪನ ವಿಷಯ ಬರೆಯುತ್ತೇನೆ, ಓದು. ಕಣ್ಣು ಮಂಜಾಗಿದೆ, ಮೊಣಕಾಲು ಹಿಡಿದಿದೆ, ನಾಲಿಗೆ ಮಾತ್ರ ಹಾಗೇ ಇದೆ. ಎತ್ತರದ ತೆಂಗು ಹತ್ತುವುದನ್ನು ಬಿಟ್ಟಿದ್ದಾನೆ. ಹಿತ್ತಿಲ ಗಿಡ್ಡ ಮರವನ್ನು ಮಾತ್ರ ಬಿಟ್ಟಿಲ್ಲ. ಒರಳು ಬೋರಲು ಹಾಕಿ, ಅದರ ಮೇಲೆ ನಿಂತು, ಹೊಂಬಾಳೆ ಕೊಯ್ದು ಹೆಂಡ ಇಳಿಸುತ್ತಾನೆ. ಬಿದ್ದೀಯ ಎಂದರೆ, "ಬಿದ್ರೆ ನೆಲ ಹತ್ರಾನೇ ಇದೆಯಲ್ಲ ಮಗಳೇ, ಮುಂಚಿನ ಹಾಗೆ ದೂರ ಇಲ್ಲ" ಎನ್ನುತ್ತಾನೆ. ಅವನ ತಲೆಗೆ ಬಣ್ಣ ಹಚ್ಚುವುದು ಈಗ ನನ್ನ ಕೆಲಸ. ಈ ಸೀಮೆಯಲ್ಲಿ ಮುದುಕರೆಲ್ಲ ಕರಿ ತಲೆಯವರೇ, ನಿನಗೆ ಗೊತ್ತು. ಅಪ್ಪನೊಬ್ಬ ಹಟ ಹಿಡಿದು ಬೆಳ್ಳಗೆ ಉಳಿದಿದ್ದ. ಕಬೀಬಿಯ ಮಣ್ಣಾದ ಮೇಲೆ ನಾನೇ ಹೆದರಿ ಅವನನ್ನು ಕೂರಿಸಿಕೊಂಡು ಹಚ್ಚತೊಡಗಿದೆ. "ಈ ವಯಸ್ಸಲ್ಲಿ ಯಾವ ಹುಡುಗೀನ ನೋಡೋಕೆ ಕರ್ಕೊಂಡು ಹೋಗ್ತೀಯೇ?" ಎಂದು ಗೇಲಿ ಮಾಡಿದ. ಆಮೇಲೆ ಕನ್ನಡಿ ಕೇಳಿ, ನೋಡಿಕೊಂಡು, ಅದನ್ನು ಬೋರಲು ಹಾಕಿಟ್ಟ. ಅಜ್ಜನ ಕಾಲದಲ್ಲಿ ಬಿಳಿ ತಲೆ ಕಂಡರೆ ಕೂತವರು ಎದ್ದು ಜಾಗ ಬಿಡುತ್ತಿದ್ದರು. ಈಗ ಮಾಟಗಾರನೆಂದು ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ಬಟ್ಟಲಲ್ಲಿ ಉಳಿದ ಬಣ್ಣವನ್ನು ನಾನು ಚೆಲ್ಲುವುದಿಲ್ಲ ತಮ್ಮಾ. ನನ್ನ ಕಿವಿಯ ಪಕ್ಕಕ್ಕೂ ಬೇಕಾಗಿದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಕ್ರಿಸ್ಮಸ್ಸಿಗೆ ನೀವು ಬಂದಾಗ ಅಪ್ಪ ಬಾಯಲ್ಲಿ ನೀರು ತುಂಬಿಕೊಂಡು ಕಬೀಬಿಯ ಎದೆಗೆ ಚಿಮ್ಮಿಸಿ ಹರಸಿದ. ನಮ್ಮಿಬ್ಬರನ್ನೂ ಹಾಗೇ ಹರಸಿದವನು. ಮಗು ತಣ್ಣೀರಿಗೆ ಬೆಚ್ಚಿ, ಆಮೇಲೆ ಕಿಲಕಿಲ ನಕ್ಕಿತು. ಅದೇ ವಾರ ಜ್ವರ ಬಂತು. ಮಣ್ಣು ಕೊಡುವ ಹೊತ್ತಿಗೆ ನೀನು ಅಳುತ್ತಾ, "ಅಪ್ಪನ ಬಾಯಿನೀರು ಬಿದ್ಮೇಲೆ ನನ್ನ ಮಗು ಏಳಲೇ ಇಲ್ಲ" ಅಂದೆ. ಸಂಕಟಕ್ಕೆ ಅಂದೆ, ಗೊತ್ತು. ನಿನಗೆ ಆ ಮಾತು ಈಗ ನೆನಪಿದೆಯೋ ಇಲ್ಲವೋ. ಗುಂಡಿಯ ಸುತ್ತ ನಿಂತಿದ್ದ ಹುಡುಗರಿಗೆ ನೆನಪಿದೆ.

ನೀನು ಬಸ್ಸು ಹತ್ತಿ ಹೋದ ಮೇಲೆ ಆ ಮಾತು ಊರಲ್ಲೇ ಉಳಿಯಿತು. ನಮ್ಮ ಎಳೆಯ ತೆಂಗಿನ ಸಸಿಗಳ ಸುಳಿಯನ್ನು ಯಾರೋ ಕತ್ತರಿಸಿ ಹೋದರು. ಅಂಗಡಿಯ ಮುಂದೆ ಒಬ್ಬ, "ಏ ಮುದುಕಾ, ಇನ್ನೆಷ್ಟು ಮಕ್ಕಳ ಆಯಸ್ಸು ಕುಡೀತೀಯಾ? ಹೊಟ್ಟೆ ತುಂಬಲಿಲ್ವಾ?" ಎಂದ. ಅಪ್ಪ ತಿರುಗಿ, "ನಿಂಗೆ ಹೆಸರಿಟ್ಟವನು ನಾನೇ ಕಣೋ. ಆಗ ನಿನ್ನ ಎದೆಗೂ ಚಿಮ್ಮಿಸಿದ್ದೆ, ಗೂಳಿ ಹಾಗೆ ಬೆಳೆದಿದ್ದೀಯಲ್ಲ" ಎಂದನಂತೆ. ಯಾರೂ ನಗಲಿಲ್ಲವಂತೆ. ಮಾವಿನಮರದಡಿ ಅವನ ಓರಗೆಯವರು ಸೇರುತ್ತಾರಲ್ಲ, ಅಲ್ಲಿಗೆ ಸೋರೆ ಬುರುಡೆಯಲ್ಲಿ ಹೆಂಡ ಒಯ್ಯುತ್ತಾನೆ. ಕೊಡುವವನು ತಾನೇ ಮೊದಲು ಗುಟುಕರಿಸಿ, ವಿಷವಿಲ್ಲವೆಂದು ತೋರಿಸಿ ದಾಟಿಸುವುದು ನಮ್ಮ ರೂಢಿ. ಅಪ್ಪ ಗುಟುಕರಿಸಿ ದಾಟಿಸಿದ. ಪಕ್ಕದವನು ಹೀರುವ ಜೊಂಡಿನ ಕೊಳವೆಗೆ ಬಾಯಿ ಇಡದೆ ಬುರುಡೆಯನ್ನು ನೆಲಕ್ಕಿಟ್ಟ. ಅವನ ಪಕ್ಕದವನು ಮುಟ್ಟಲೂ ಇಲ್ಲ. ಅಪ್ಪ ತುಂಬಿದ ಬುರುಡೆಯನ್ನು ಹಾಗೇ ಹಿಡಿದುಕೊಂಡು ಮನೆಗೆ ಬಂದ, ತಮ್ಮಾ. ದಾರಿಯಲ್ಲಿ ಚೆಲ್ಲಿ ಬಂದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಇಗರ್ಜಿಯ ಮಾತಂತೂ ಹೇಳಬಾರದು. ಗರಿಗಳ ಭಾನುವಾರಕ್ಕೆ ತೆಂಗಿನ ಗರಿ ಪ್ರತಿ ವರ್ಷ ನಮ್ಮ ಹಿತ್ತಿಲಿಂದಲೇ ಹೋಗುತ್ತಿತ್ತು. ಈ ಸಲ ಉಪದೇಶಿ ಬಂದು, ಕಾಲಿನಿಂದ ಮಣ್ಣು ಕೆದಕುತ್ತಾ, "ಜುಮ್ವಕ್ಕಾ, ಬೇರೆ ಕಡೆಯಿಂದ ತರಿಸಿದ್ದೀವಿ. ನೀವು ತೊಂದ್ರೆ ತಗೋಬೇಡಿ" ಎಂದ. ನಾನು ಬಾಗಿಲು ಹಾಕಿಕೊಂಡು ಜಪಮಾಲೆ ಹಿಡಿದೆ. ಮನಸ್ಸು ಮಾತ್ರ ಅವನನ್ನು ಬೈಯುತ್ತಲೇ ಇತ್ತು.

ಹೋದ ವಾರ ಹಿರಿಯರು ಸೇರಿದರು. ಹುಡುಗರನ್ನು ತಡೆಯಲು ತಮ್ಮಿಂದ ಆಗುವುದಿಲ್ಲ, ಪಕ್ಕದ ಸೀಮೆಯಲ್ಲಿ ಹೀಗೆ ಮಾಟದ ಹೆಸರು ಹೊತ್ತ ಮುದುಕರನ್ನು ಇಟ್ಟುಕೊಳ್ಳುವ ಆಶ್ರಯವೊಂದಿದೆ, ಈಸ್ಟರ್ ಮರುದಿನ ಸೋಮವಾರ ಅಲ್ಲಿಗೆ ಕಳಿಸುವುದು ಎಂದರು. ಹೋಗದಿದ್ದರೆ ಏನಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಳೆಗೆ ಮುಂಚೆ ಕೆಳಕೇರಿಯ ಮುದುಕನನ್ನು ಅವನ ಜೋಳದ ಹೊಲದಲ್ಲೇ ಕಡಿದು ಹಾಕಿದ್ದು ಎಲ್ಲರಿಗೂ ಗೊತ್ತು. ಹೆಂಡ ಮೂಸಿಯೂ ನೋಡದ ನಾನು, ಅದೂ ತಪಸ್ಸುಕಾಲದಲ್ಲಿ, ಅಪ್ಪನ ಬುರುಡೆ ಎತ್ತಿ ಅವರೆಲ್ಲರ ಎದುರು ಕುಡಿದುಬಿಟ್ಟೆ. ಕೆಮ್ಮು ಬಂತು. ಒಬ್ಬ ಮುದುಕ ನಕ್ಕು, "ನೀನು ಕುಡಿದ್ರೆ ಏನಾಯ್ತಮ್ಮಾ? ಗಂಡ ಸತ್ತ ಮೇಲೆ ಅಪ್ಪನ ಅನ್ನ ತಿಂತಾ ಇರೋಳು. ಮಗು ಕಳ್ಕೊಂಡವನು ಕುಡೀಲಿ, ಆಗ ನಾವೂ ಕುಡೀತೀವಿ" ಎಂದ.

ಅಪ್ಪ ಒಂದೇ ಕೇಳಿದ, "ಅಲ್ಲಿ ತೆಂಗಿನಮರ ಇದೆಯಾ?" ಇಲ್ಲವಂತೆ, ಒಣಭೂಮಿಯಂತೆ. ನನಗೂ ಸಾಕಾಗಿದೆ. ಸಣ್ಣ ಸದ್ದಿಗೂ ಎದ್ದು ಕೂರುತ್ತೇನೆ. ಒಮ್ಮೊಮ್ಮೆ ಅವನು ಹೋಗಲಿ, ಎಲ್ಲಾದರೂ ಬದುಕಿರಲಿ ಅನಿಸುತ್ತದೆ. ಮರುಕ್ಷಣ ಗಿಡ್ಡ ಮರದಡಿ ಅವನಿಲ್ಲದೆ ಬರಿದಾದ ಆ ಒರಳು ಕಣ್ಣಿಗೆ ಕಟ್ಟುತ್ತದೆ. ಸೋಮವಾರಕ್ಕೆ ಮುಂಚೆ ನೀನೊಮ್ಮೆ ಬಂದು ಅವನ ಮುಖ ನೋಡಿ ಕಳಿಸಿಕೊಡು.

ಲುವುನೊಗೆ ನನ್ನ ಅಪ್ಪುಗೆ ಹೇಳು. ಅಪ್ಪ ನಿನಗೆ ಏನೂ ಹೇಳಿಕಳಿಸಲಿಲ್ಲ. ಆದರೆ ನಾನು ಬರೆಯುವಾಗ ಹತ್ತಿರ ಬಂದು, "ಅವನ ಪಾದಕ್ಕೆ ಎಣ್ಣೆ ಹಚ್ಚು ಅಂತ ಬರ್ದ್ಯಾ?" ಎಂದು ಕೇಳಿ ಹೋದ. ದೇವಮಾತೆ ನಿಮ್ಮಿಬ್ಬರನ್ನೂ ತನ್ನ ಸೆರಗಿನಲ್ಲಿ ಇಟ್ಟುಕೊಳ್ಳಲಿ.

ನಿನ್ನ ಅಕ್ಕ,
ಜುಮ್ವಾ ನ್ಗುಂಬಾವೊ

ಮರೆತ ಮಾತು: ನೆರೆಮನೆಯ ಹಲುವಾ ಚಾಪೆ ಮಾರಲು ನಿಮ್ಮ ಕಡೆ ಹೊರಟು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಕಳಿಸಿಕೊಡಲು ಬಾ ಎಂದು ಮೇಲೆ ಬರೆದೆನಲ್ಲ, ನನಗೆ ಬೇಕಾದದ್ದು ಅದಲ್ಲ. ಸೋಮವಾರ ಬಾ. ಮಾವಿನಮರದಡಿ ಎಲ್ಲರೂ ಇರುವಾಗ ಅಪ್ಪನ ಪಕ್ಕ ಕೂತು ಆ ಬುರುಡೆ ಇಸಿದುಕೊ. ಅವನು ರೂಢಿಯಂತೆ ತಾನು ಮೊದಲು ಗುಟುಕರಿಸಲು ಹೋಗುತ್ತಾನೆ. ಬಿಡಬೇಡ. ಕೊಳವೆಯನ್ನು ಅವನ ಬಾಯಿಂದ ಬಿಡಿಸಿ ನೀನೇ ಮೊದಲು ಕುಡಿ. ಮಾತೇನೂ ಆಡಬೇಕಿಲ್ಲ, ಕ್ಷಮೆ ಗಿಮೆ ಬೇಡ. ಅಷ್ಟು ಸಾಕು, ಅಪ್ಪ ಉಳಿಯುತ್ತಾನೆ. ನಿನ್ನಿಂದ ಆಗುತ್ತದೋ ಇಲ್ಲವೋ ಒಂದೇ ಸಾಲಿನಲ್ಲಿ ಬರೆದುಕೊಡು. ನನ್ನ ತಮ್ಮನ ಉತ್ತರವನ್ನು ಇಸಿದುಕೊಳ್ಳದೆ ಅಲ್ಲಿಂದ ಚಾಪೆ ಕಟ್ಟು ಎತ್ತಬೇಡ, ಊರಿಗೆ ಬಂದ ಕೂಡಲೇ ನೇರ ನನ್ನ ಕೈಗೇ ತಂದುಕೊಡು ಎಂದು ಹಲುವಾಳನ್ನು ಕೇಳಿಕೊಂಡಿದ್ದೇನೆ.