ಅಮ್ಮ ಬಿಟ್ಟ ಸಾಲು

ನವೆಂಬರ್ 9, ಭಾನುವಾರ

ಅಣ್ಣ ಲಾರಿಗೆ ಸಿಕ್ಕಿ ತೀರಿಕೊಂಡಾಗಿನಿಂದ, ಚರ್ಚಿನಲ್ಲಿ ಹೇಳುವ ಕರ್ತನ ಪ್ರಾರ್ಥನೆಯಲ್ಲಿ 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು' ಎಂಬ ಸಾಲು ಬಂದರೆ ಅಮ್ಮ ಬಾಯಿ ಮುಚ್ಚಿಬಿಡುತ್ತಾಳೆ. ಇವತ್ತು ಆರಾಧನೆ ಮುಗಿದ ಮೇಲೆ ತಾನಾಗಿಯೇ ಪಾಸ್ಟರ್ ಮುಂದೆ ಹೇಳಿಕೊಂಡಳು.

"ಆ ಡ್ರೈವರನ್ನ ಕ್ಷಮಿಸಿದೀನಿ ಅಂತ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ ಅಯ್ಯಾ. ದೇವರು ನನ್ನ ಕೈಬಿಡ್ತಾನಾ?"

ಈಗ ಬುದ್ಧಿವಾದ ಶುರುವಾಗುತ್ತದೆ ಎಂದು ನಾನು ಮೈ ಬಿಗಿಹಿಡಿದು ನಿಂತೆ.

"ಮಗನನ್ನ ಶಿಲುಬೆ ಮೇಲೆ ಕಳಕೊಂಡ ದೇವರಿಗೂ ಈ ಸಂಕಟ ಗೊತ್ತಮ್ಮಾ, ಕಾಯ್ತಾನೆ," ಎಂದರು ಪಾಸ್ಟರ್. "ಅಲ್ಲೀವರೆಗೂ ಆ ಸಾಲನ್ನ ನಿಮ್ಮ ಪರವಾಗಿ ನಾವು ಹೇಳ್ತೀವಿ."

ನಾನು ದಿನಾ ಕರೆಯುವ ದೇವರು ಇಷ್ಟು ದೊಡ್ಡ ಮನಸ್ಸಿನವನೆಂದು ನನಗೇ ಗೊತ್ತಿರಲಿಲ್ಲ.

ಸಂಜೆ ಮನೆಯಲ್ಲಿ ಆ ಸಾಲನ್ನು ಅಮ್ಮನ ಪರವಾಗಿ ನಾನೇ ಗಟ್ಟಿಯಾಗಿ ಹೇಳಿದೆ. ಆಮೇಲೆ ಅಮ್ಮ ಪಾತ್ರೆ ತೊಳೆಯುತ್ತಾ, ನನ್ನ ಕಡೆ ತಿರುಗದೆಯೇ ಕೇಳಿದಳು:

"ಆ ಡ್ರೈವರಿಗೆ ತಾಯಿ ಇದ್ದಾಳಾ?"

ಗೊತ್ತಿಲ್ಲ ಎಂದೆ. ವಿಚಾರಿಸಬೇಕು.