ತೊಳೆದ ಪಾದ, ಕಾಣದ ಮುಖ

ಮಾನ್ಯ ಬಿಷಪ್ಪರೇ,

ಅಲಬಾಮಾದ ಈ ಪಟ್ಟಣದಲ್ಲಿ ಕಪ್ಪುಜನರ ಚರ್ಚಿಗೆ ಬೀಗ ಹಾಕಿ, ನಮ್ಮನ್ನು ಬಿಳಿಯರ ದೊಡ್ಡ ಚರ್ಚಿಗೆ ಸೇರಿಸಲು ತಾವು ಅಪ್ಪಣೆ ಮಾಡಿದ್ದೀರಿ. ಅದಕ್ಕೆ ‘ಸೌಹಾರ್ದ’ವೆಂದು ಹೆಸರನ್ನೂ ಇಟ್ಟಿದ್ದೀರಿ. ಹೆಸರೇನೋ ಚೆನ್ನಾಗಿದೆ. ಆದರೆ ಅದನ್ನು ಓದಿದಂದಿನಿಂದ ನನಗೆ ನಿದ್ದೆಯಿಲ್ಲ.

ಕಳೆದ ಪವಿತ್ರ ಗುರುವಾರ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ತಾವೇ ಏರ್ಪಡಿಸಿದ್ದ ಪಾದ ತೊಳೆಯುವ ಆರಾಧನೆಗೆ ಆ ದೊಡ್ಡ ಚರ್ಚಿಗೆ ಹೋಗಿದ್ದೆವು. ಆ ಚರ್ಚಿನ ಹಿರಿಯರಾದ ಹಾರ್ಲನ್ ಮಂಡಿಯೂರಿ ನನ್ನ ಗಂಡ ಲೆಮ್ಯುಯೆಲನ ಪಾದ ತೊಳೆದರು. ತೊಳೆಯುತ್ತಾ ಅತ್ತರು. ಅದನ್ನು ನೋಡಿ ತಮ್ಮ ಕಣ್ಣೂ ಒದ್ದೆಯಾಯಿತು, ಬಿಷಪ್ಪರೇ. ಆಮೇಲೆ ನಮ್ಮ ಕೂಸು ಏಮಸ್ ರಚ್ಚೆ ಹಿಡಿಯಿತು. ಹಾಲಿನ ಚೀಲ ಕಾರಿನಲ್ಲೇ ಉಳಿದಿತ್ತು. ಗಂಡ ತರಲು ಹೋದ. ಕೂಸನ್ನೆತ್ತಿಕೊಂಡು ನಾನು ಬಾಗಿಲಿಗೆ ಬರುವಷ್ಟರಲ್ಲಿ ಹಾರ್ಲನ್ ಅಲ್ಲಿ ಕಾವಲಿಗೆ ನಿಂತಿದ್ದರು. ಚೀಲ ಹಿಡಿದು ಮರಳುತ್ತಿದ್ದ ಗಂಡನನ್ನು ಕಂಡು ಅವರ ಕೈ ಸೊಂಟದ ಪಿಸ್ತೂಲಿಗೆ ಹೋಗಿತ್ತು.

“ಏಯ್, ನಿಲ್ಲಯ್ಯಾ ಅಲ್ಲೇ! ಯಾರು ನೀನು? ಚೀಲದಲ್ಲೇನಿದೆ?”

“ಮಗೂದು ಹಾಲು, ಸಾರ್.”

“ಇಲ್ಲೇನ್ ಕೆಲಸ ನಿಂಗೆ?”

ನನ್ನ ಗಂಡ ಎರಡೂ ಕೈ ಮೇಲೆತ್ತಿದ. “ಈಗ್ತಾನೆ ನೀವೇ ನನ್ ಕಾಲು ತೊಳೆದ್ರಲ್ಲ, ಸಾರ್. ಬೂಟು ಬಿಚ್ಚಿ ತೋರಿಸ್ಲಾ? ಆಗಾದ್ರೂ ಗುರ್ತು ಸಿಗ್ಬೋದು.”

“ಅಯ್ಯೋ, ತಪ್ಪು ತಿಳ್ಕೋಬೇಡಪ್ಪಾ. ಕತ್ತಲಲ್ಲಿ ಕಾಣ್ಲಿಲ್ಲ” ಎಂದರು ಹಾರ್ಲನ್. ದೀಪ ಅವರ ತಲೆಯ ಮೇಲೆಯೇ ಉರಿಯುತ್ತಿತ್ತು.

ಮನೆಗೆ ಬರುವಾಗ ಅತ್ತೆ ಒಡೆಸ್ಸಾ ನಕ್ಕರು. “ತೊಳೆಯೋವಾಗ ತಲೆ ತಗ್ಗಿಸ್ಕೊಂಡಿದ್ದ ಕಣೇ, ಪಾಪ. ಮುಖ ಎಲ್ಲಿ ಕಾಣ್ಬೇಕು ಅವನಿಗೆ?” ಗಂಡ ನಗಲಿಲ್ಲ.

ಹಾರ್ಲನ್ ಕೆಟ್ಟವರಲ್ಲ, ಬಿಷಪ್ಪರೇ. ನನ್ನ ಭಯವೇ ಅದು. ಆ ಕಣ್ಣೀರು ನಿಜ. ಪಿಸ್ತೂಲಿಗೆ ಹೋದ ಕೈಯೂ ನಿಜ. ಈಗ ಏಮಸನ ಕೆನ್ನೆಯನ್ನು ಎಲ್ಲರೂ ಹಿಂಡುತ್ತಾರೆ. ನಾಳೆ ಅವನು ಅಪ್ಪನಷ್ಟು ಎತ್ತರ ಬೆಳೆದು ಅದೇ ಬಾಗಿಲಿಗೆ ಒಬ್ಬನೇ ಬಂದರೆ? ಕೈ ಎತ್ತುವುದನ್ನು ಅವನಿಗೆ ಪ್ರಾರ್ಥನೆಗಿಂತ ಮೊದಲು ಕಲಿಸಲೇ?

ಇನ್ನೊಂದು ಮಾತು. ಕಪ್ಪುಜನರು ಮೇಲಿನ ಮಾಳಿಗೆಯಲ್ಲಷ್ಟೇ ಕೂರಬೇಕೆಂದು ಆ ಚರ್ಚು ಹೇಳಿದ್ದಕ್ಕೇ ನಮ್ಮ ಮುತ್ತಜ್ಜಂದಿರು ಹೊರನಡೆದು ನಮ್ಮ ಈ ಚರ್ಚನ್ನು ಕಟ್ಟಿದ್ದು. ಇದರ ಬಾಗಿಲಿಗೆ ಕಾವಲಿಲ್ಲ. ಒಂದಾಗುವುದೆಂದರೆ ಬೀಗ ಬೀಳಬೇಕಾದದ್ದು ಯಾವಾಗಲೂ ನಮ್ಮ ಬಾಗಿಲಿಗೇ ಏಕೆ?

ಅಪ್ಪಣೆಯನ್ನು ಹಿಂತೆಗೆದುಕೊಳ್ಳಿ. ಅವರೇ ನಮ್ಮಲ್ಲಿಗೆ ಬರಲಿ. ಹಾರ್ಲನ್ ಪಿಸ್ತೂಲನ್ನು ಮನೆಯಲ್ಲಿಟ್ಟು ಬಂದು, ವಾರವಾರವೂ ಏಮಸನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಿ. ಆ ಮುಖ ಬೆಳೆಯುವುದನ್ನು ನೋಡುತ್ತಿರಲಿ. ಪಾದಗಳನ್ನು ನಾವು ಮನೆಯಲ್ಲೇ ತೊಳೆದುಕೊಂಡು ಬರುತ್ತೇವೆ.

ಇಂತಿ,
ಇನ್ನೂ ಬೀಗ ಬೀಳದ ಬಾಗಿಲಿನಿಂದ,
ಏಮಸನ ತಾಯಿ