ದೂರದ ಹಳದಿ

ಹೊಲಿಗೆ ಕೋಣೆ
ಅಕ್ಟೋಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಉದ್ದಕಾಲರಾಯರಿಗೆ,

ಮೊಣಕಾಲು ನೋವು ಹೇಗಿದೆ? ಇದ್ದಲ್ಲಿ ಬೆಚ್ಚಗಿದ್ದೀರಾ? ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತೇನೆ. ಕೇಳದಿದ್ದರೆ ಮುಂದಿನ ಸಾಲು ಬರೆಯಲಾಗುವುದಿಲ್ಲ. ಆ ಬೋಳುಬೆಟ್ಟಕ್ಕೆ ಒಬ್ಬರೇ ಹೋದ ನೀವು ವಾಪಸು ಬಾರದೆ ವರ್ಷ ಕಳೆಯಿತು. ನಿಮ್ಮಮ್ಮ ಈಗಲೂ ಮುಂಬಾಗಿಲ ಚಿಲಕ ಹಾಕಗೊಡುವುದಿಲ್ಲ. ಹೋದ ತಿಂಗಳು ನನ್ನ ಕೈ ಹಿಡಿದು, "ನೀನೇ ಒಂದ್ಸಲ ಹೋಗಿ ನೋಡ್ಕೊಂಡು ಬಾ. ಇದಾನೋ ಇಲ್ವೋ, ನೀನು ಹೇಳಿದ್ರೆ ನಂಬ್ತೀನಿ" ಅಂದರು. ಹೋಗಿಬಂದೆ.

ಹೌದು, ನಾನೇ! ಕಾಡಾದರೆ ಎಷ್ಟು ದೂರ ಬೇಕಾದರೂ ಬರುತ್ತೇನೆ, ಆ ಬಟ್ಟಬಯಲಿಗೆ ಮಾತ್ರ ಕರೆಯಬೇಡಿ ಎಂದು ನಿಮ್ಮ ತಲೆ ತಿಂದವಳು. ರಜೆ ಸಿಕ್ಕಾಗಲೆಲ್ಲ ಕಾಡು ಸುತ್ತಿದೆವಲ್ಲ, ಅಲ್ಲಿ ನನಗೆ ಕಾಣಬೇಕಾದದ್ದು ನಿಮ್ಮ ಬೆನ್ನು ಮತ್ತು ಮುಂದಿನ ಬೇರು, ಅಷ್ಟೇ. ದಿನವಿಡೀ ಸೂಜಿಯ ಕಣ್ಣು ನೋಡುವವಳಿಗೆ ಅದು ಸಾಕಾಗಿತ್ತು. ಈ ಸಲ ಬೆಟ್ಟದ ಮೇಲೆ, ಕೊನೆಯ ಮರ ದಾಟಿದ್ದೇ ತಡ, ಮೈಮೇಲಿನ ಹೊದಿಕೆಯನ್ನು ಯಾರೋ ಸೆಳೆದುಕೊಂಡಂತಾಯಿತು. ಕೂರಲು ಹೋದರೆ ಬೆನ್ನಿಗೊಂದು ಮರವಿಲ್ಲ. ಕಣ್ಣು ಸೋಲುವಷ್ಟು ದೂರ ಬೆಟ್ಟದ ಹಿಂದೆ ಬೆಟ್ಟ, ಎಲ್ಲವೂ ನನ್ನನ್ನೇ ನೋಡುತ್ತಿವೆ. ಇಗೋ ಇಲ್ಲೇ ಎಂಬಂತೆ ಕಂಡ ಬಂಡೆಯನ್ನು ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಕಾಡಿನಲ್ಲಿ ನೀವು ಕಾಣದಿದ್ದರೆ ಯಾವುದೋ ಮರದ ಹಿಂದಿದ್ದೀರಿ ಎಂದುಕೊಳ್ಳುತ್ತಿದ್ದೆ. ಇಲ್ಲಿ ಎಲ್ಲವೂ ಕಾಣುತ್ತದೆ, ನೀವಿಲ್ಲ. ಆ ನೋಟದ ಮೇಲೆಯೇ ಸಿಟ್ಟು ಬಂತು ಕಣ್ರೀ, ಅಳುವೂ ಬಂತು.

ಆಗ ಕಂಡಿತು, ಆಚೆಯ ಇಳಿಜಾರಿನಲ್ಲಿ, ಒಂದು ಹಳದಿ ಚುಕ್ಕೆ. ಪೊದೆಗಳ ನಡುವೆ ಕಳೆದುಹೋಗಬೇಡಿ ಎಂದು ನಾನೇ ಹೊಲಿದುಕೊಟ್ಟ, ನಿಂಬೆಹಣ್ಣಿನ ಹಾಗೆ ಕಾಣುತ್ತೇನೆಂದು ನೀವು ಗೊಣಗುತ್ತಲೇ ತೊಟ್ಟು ಹೋದ ಆ ಕೋಟಿನ ಹಳದಿ. ದಾರಿ ತೋರಿಸಲು ಬಂದಿದ್ದ ಗೈಡ್, "ಹಳದಿ ಪಾಚಿ ಹಿಡಿದ ಕಲ್ಲಿರ್ಬೇಕಮ್ಮ. ಹೋಗಿ ನೋಡೋಣ್ವಾ? ಇನ್ನೂ ಹೊತ್ತಿದೆ" ಅಂದ. ಬೇಡವೆಂದೆ. ಹತ್ತಿರ ಹೋದರೆ ಅದು ಕಲ್ಲೋ ಮತ್ತೊಂದೋ ಆಗಿಬಿಡುತ್ತದೆ. ದೂರದಲ್ಲಿದ್ದಷ್ಟು ಹೊತ್ತು ಅದು ನೀವು. ಒಮ್ಮೆ ಅಲ್ಲಾಡಿದಂತೆಯೂ ಅನ್ನಿಸಿತು. ಇಳಿಯುವಾಗ ತಿರುಗಿ ನೋಡಲಿಲ್ಲ, ಆದರೂ ಅಂದಿನಿಂದ ಆ ಹಳದಿ ನನ್ನ ಬೆನ್ನ ಹಿಂದೆ ಇದ್ದೇ ಇದೆ, ಬಟ್ಟೆ ಕತ್ತರಿಸುವಾಗಲೂ.

ಅತ್ತೆಗೆ, "ಕಂಡ್ರು, ದೂರದಲ್ಲಿ, ನಡೀತಿದ್ರು" ಎಂದುಬಿಟ್ಟೆ. ಅವರೀಗ ಎರಡು ಹೊತ್ತೂ ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ. ಸುಳ್ಳೆಂದು ನನ್ನನ್ನು ಬೈಯಬೇಡಿ. ಅವರ ಆಶೀರ್ವಾದವನ್ನೂ ನನ್ನ ಮುನಿಸನ್ನೂ ಒಟ್ಟಿಗೇ ಕಳಿಸುತ್ತಿದ್ದೇನೆ, ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.

ನಿಮ್ಮ ಬೆನ್ನು ನೋಡುತ್ತಲೇ ನಡೆದವಳು,
ಸೂಜಿಪುಟ್ಟಿ

ವಿ.ಸೂ.: ಗೈಡ್ ಬಂದಿದ್ದಾನೆ. ಗೇಟಿನ ಹೊರಗೇ ನಿಂತಿದ್ದಾನೆ, ಕರೆದರೂ ಒಳಗೆ ಬರುತ್ತಿಲ್ಲ. ನಾನು ಬೇಡವೆಂದರೂ ಆಮೇಲೆ ತಾನೊಬ್ಬನೇ ಹೋಗಿ ನೋಡಿರಬೇಕು. ಕೈಯಲ್ಲಿ ಹಳದಿ ಬಣ್ಣದ್ದೇನೋ ಮಡಿಸಿ ಹಿಡಿದಿದ್ದಾನೆ. ಅತ್ತೆ ಬಾಗಿಲಲ್ಲಿ ನಿಂತು, "ನನ್ ಮಗ ಹಿಂದೆ ಬರ್ತಿದಾನೇನಪ್ಪಾ?" ಎಂದು ಕೇಳುತ್ತಿದ್ದಾರೆ. ಹೊಲಿಗೆಯ ಕನ್ನಡಕದಲ್ಲಿ ನನಗೆ ದೂರದ್ದೆಲ್ಲ ಮಸುಕು. ಇನ್ನೂ ತೆಗೆದಿಲ್ಲ.